ಅಮ್ಮನ ಸೋಬಾನೆ ಪದ ರೆಕಾರ್ಡ್ ಮಾಡಬೇಕು: ವಿಂಡೋಸ್, ಮ್ಯಾಕ್, ಲಿನಕ್ಸ್, ಯಾವುದು ಸರಿ?

ಪ್ರಶ್ನೆ: ಸರ್, ನಾನು ಮೂಡಿಗೆರೆ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ನಮ್ಮ ಅಮ್ಮನಿಗೆ ಎಪ್ಪತ್ತು ದಾಟಿದೆ. ಸೋಬಾನೆ ಪದ, ಬೀಸುವ ಪದ, ನಾಟಿ ಪದ ಎಲ್ಲಾ ಅವರಿಗೆ ಬಾಯಿಪಾಠ. ಅವನ್ನು ಮನೆಯಲ್ಲೇ ಚೆನ್ನಾಗಿ ರೆಕಾರ್ಡ್ ಮಾಡಿಡಬೇಕು ಅಂತ ಆಸೆ. ನಾನೂ ಹಾರ್ಮೋನಿಯಂ ಹಿಡಿದು ಭಾವಗೀತೆ ಹಾಡುತ್ತೇನೆ, ಮೈದುನ ತಬಲಾ ನುಡಿಸುತ್ತಾನೆ. ಒಂದು ಕಂಡೆನ್ಸರ್ ಮೈಕು, ಅದನ್ನು ಕಂಪ್ಯೂಟರಿಗೆ ಜೋಡಿಸಲು ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಎಂಬ ಆಡಿಯೋ ಇಂಟರ್‌ಫೇಸ್ ತಗೊಂಡಿದ್ದೇನೆ. ಲ್ಯಾಪ್‌ಟಾಪ್ 2017ರದ್ದು. ಐ5-7200ಯು ಪ್ರೊಸೆಸರ್, 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್ ಇದೆ. ವಿಂಡೋಸ್ 10ರಲ್ಲಿ ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ರೆಕಾರ್ಡ್ ಮಾಡುವಾಗ ಮಧ್ಯೆ ಮಧ್ಯೆ ‘ಚಟ್ ಚಟ್’ ಅನ್ನುತ್ತದೆ. ರಿಪೇರಿ ಅಂಗಡಿಯವರು ವಿಂಡೋಸ್ 11 ಹಾಕಿಕೊಡುತ್ತೇವೆ ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ಅಣ್ಣನ ಮಗ ‘ಲಿನಕ್ಸ್ ಹಾಕಿ ಅತ್ತೆ’ ಅನ್ನುತ್ತಾನೆ. ಹಾಡುವ ಗೆಳತಿಯೊಬ್ಬಳು ಮ್ಯಾಕ್ ಬಿಟ್ಟು ಬೇರೇನೂ ಬೇಡ ಅನ್ನುತ್ತಾಳೆ. ಯಾರ ಮಾತು ಕೇಳಲಿ? ಶಾಲೆ ಕೆಲಸಕ್ಕೆ ನುಡಿ ತಂತ್ರಾಂಶವೂ ಬೇಕು.

ಉತ್ತರ: ನಮಸ್ಕಾರ ಮೇಡಂ. ನಿಮ್ಮ ಪತ್ರದಲ್ಲಿ ಕಂಪ್ಯೂಟರಿನ ವಿವರಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅಮ್ಮನ ವಯಸ್ಸು. ಆ ವಯಸ್ಸಿನವರು ಒಂದು ಪದವನ್ನು ಒಂದೇ ಉಸಿರಿಗೆ ಎಂಬಂತೆ ಹೇಳಿ ಮುಗಿಸಿದ ಮೇಲೆ, ‘ಅಮ್ಮಾ, ನಡುವೆ ಚಟ್ ಅಂತು, ಇನ್ನೊಂದು ಸಲ ಹೇಳು’ ಎಂದರೆ ಕಷ್ಟ. ಎರಡನೇ ಸಲ ಸಾಲು ಹಿಂದುಮುಂದಾಗುತ್ತದೆ. ದನಿ ದಣಿದಿರುತ್ತದೆ. ಮೊದಲ ಸಲ ಬಂದ ಉಮೇದು ಮತ್ತೆ ಬರುವುದಿಲ್ಲ. ಹಾಗಾಗಿ ನಿಮಗೆ ಬೇಕಿರುವುದು ನಡುವೆ ಕೈಕೊಡದ ಕಂಪ್ಯೂಟರ್. ಉಳಿದದ್ದೆಲ್ಲ ಆಮೇಲೆ. ಈ ಉತ್ತರ ಪೂರ್ತಿ ಆ ಒಂದು ಲೆಕ್ಕದ ಮೇಲೇ ನಿಂತಿದೆ.

ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. ಈ ಲ್ಯಾಪ್‌ಟಾಪಿಗೆ ವಿಂಡೋಸ್ 11 ಬೇಡ. ಹೊಸದೊಂದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಡಿಸ್ಕ್, ಹಾಕಿಸಿ, ಅದರಲ್ಲಿ ಉಬುಂಟು ಸ್ಟುಡಿಯೋ ಎಂಬ ಲಿನಕ್ಸ್ ಹಾಕಿಕೊಳ್ಳಿ. ಈಗಿರುವ ವಿಂಡೋಸ್ 10 ಡಿಸ್ಕನ್ನು ಅಳಿಸದೆ ಹಾಗೇ ಇಟ್ಟುಕೊಳ್ಳಿ. ಮುಂದೆ ಯಾವತ್ತಾದರೂ ಹೊಸ ಕಂಪ್ಯೂಟರನ್ನೇ ಕೊಳ್ಳುವಷ್ಟು ದುಡ್ಡು ಕೂಡಿಬಂದರೆ ನಿಮ್ಮ ಗೆಳತಿಯ ಮಾತು ಕೇಳಿ. ಆದರೆ ಇದ್ಯಾವುದಕ್ಕೂ ಕೈಹಾಕುವ ಮುಂಚೆ ಇವತ್ತೇ, ಬಿಡಿಗಾಸು ಖರ್ಚಿಲ್ಲದೆ ಮಾಡಿ ನೋಡಬೇಕಾದ ಕೆಲಸ ಒಂದಿದೆ.

ನಿಮ್ಮ ‘ಚಟ್ ಚಟ್’ಗೆ ಕಾರಣ ವಿಂಡೋಸ್ 10 ಹಳೆಯದಾಗಿದ್ದು ಇರಲಾರದು. ಅದು ಧ್ವನಿ ಬರುತ್ತಿರುವ ದಾರಿಯ ತೊಂದರೆ ಇರಬಹುದು. ಮೈಕಿನಿಂದ ಬಂದ ದನಿಯನ್ನು ಸ್ಕಾರ್ಲೆಟ್ ಅಂಕಿಗಳಾಗಿ ಮಾಡುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದರೆ ಸೆಕೆಂಡಿಗೆ 48,000 ಸ್ಯಾಂಪಲ್. ಅವು ಒಂದೊಂದಾಗಿ ಕಂಪ್ಯೂಟರಿಗೆ ಹೋಗುವುದಿಲ್ಲ. ಬಫರ್ ಎಂಬ ಜಾಗದಲ್ಲಿ ಒಂದಿಷ್ಟು ತುಂಬಿಕೊಂಡ ಮೇಲೆ ಒಟ್ಟಿಗೆ ಹೋಗುತ್ತವೆ. ನಲ್ಲಿ ಕೆಳಗೆ ಕೊಡ ಇಟ್ಟ ಹಾಗೆ. ತುಂಬಿದ ಕೊಡ ಎತ್ತಿ ಖಾಲಿ ಕೊಡ ಇಡಲು ಆಪರೇಟಿಂಗ್ ಸಿಸ್ಟಂ ಸರಿಯಾದ ಹೊತ್ತಿಗೆ ಬರಬೇಕು. ಅದು ವೈಫೈಯನ್ನೋ ಆಂಟಿವೈರಸ್ಸನ್ನೋ ವಿಚಾರಿಸಿಕೊಂಡು ತಡವಾಗಿ ಬಂದರೆ ನೀರು ಚೆಲ್ಲುತ್ತದೆ. ಆ ಚೆಲ್ಲಿದ ಸ್ಯಾಂಪಲ್‌ಗಳೇ ನಿಮಗೆ ಕೇಳಿಸುವ ಚಟ್ ಶಬ್ದ. ಒಮ್ಮೆ ಹೋದದ್ದು ಹೋಯಿತು, ಯಾವ ಎಡಿಟಿಂಗಿನಲ್ಲೂ ವಾಪಸ್ ಬರುವುದಿಲ್ಲ.

ವಿಂಡೋಸ್‌ನಲ್ಲಿ ಕಂಪ್ಯೂಟರಿನ ಎಲ್ಲಾ ಶಬ್ದಗಳೂ ಒಂದೇ ಸಾಮಾನ್ಯ ದಾರಿಯಲ್ಲಿ ಹೋಗುತ್ತವೆ. ಬ್ರೌಸರಿನ ವಿಡಿಯೋ, ಮೆಸೇಜ್ ಬಂದಾಗಿನ ಟಿಂಗ್, ನಿಮ್ಮ ಅಮ್ಮನ ಹಾಡು ಎಲ್ಲವೂ ಅಲ್ಲೇ. ಈ ಗಲಾಟೆ ತಪ್ಪಿಸಿ ಸೀದಾ ಇಂಟರ್‌ಫೇಸ್ ಜೊತೆ ಮಾತಾಡಲಿಕ್ಕೆ ಸ್ಟೈನ್‌ಬರ್ಗ್ ಕಂಪನಿ ಮಾಡಿದ ಏಸಿಯೋ ಎಂಬ ದಾರಿ ಇದೆ. ನಿಮ್ಮ ಸ್ಕಾರ್ಲೆಟ್‌ಗೆ ಅದರ ಕಂಪನಿಯೇ ಏಸಿಯೋ ಡ್ರೈವರ್ ಕೊಟ್ಟಿದೆ. ಆದರೆ ಆಡಾಸಿಟಿ 3ರ ಸಾಮಾನ್ಯ ವಿಂಡೋಸ್ ಆವೃತ್ತಿ ಆ ದಾರಿ ಬಳಸುವುದಿಲ್ಲ. ಎಂಎಂಇ ಎಂಬ ತುಂಬಾ ಹಳೆಯ ದಾರಿ ಹಿಡಿಯುತ್ತದೆ. ಅಂದರೆ ಒಳ್ಳೆಯ ಇಂಟರ್‌ಫೇಸ್ ತಂದು ಅದನ್ನು ಬಳಸು ದಾರಿಯಲ್ಲಿ ಕೂರಿಸಿದ್ದೀರಿ. ತಪ್ಪು ನಿಮ್ಮದಲ್ಲ, ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಹಾಗಾಗಿ ಮೊದಲು ರೀಪರ್ ಎಂಬ ಸಾಫ್ಟ್‌ವೇರ್ ಇಳಿಸಿಕೊಳ್ಳಿ. 60 ದಿನ ಏನನ್ನೂ ಮುಚ್ಚಿಡದೆ ಪೂರ್ತಿ ಬಳಸಲು ಬಿಡುತ್ತದೆ, ಆಮೇಲೆ ಮನೆ ಬಳಕೆಯ ಲೈಸೆನ್ಸಿಗೆ 60 ಡಾಲರ್. ಅದರ ಪ್ರಿಫರೆನ್ಸಸ್‌ನಲ್ಲಿ ಆಡಿಯೋ ಡಿವೈಸ್ ಎಂಬಲ್ಲಿಗೆ ಹೋಗಿ ಏಸಿಯೋ ಆರಿಸಿ, ಕೆಳಗೆ ಫೋಕಸ್‌ರೈಟ್ ಯುಎಸ್‌ಬಿ ಏಸಿಯೋ ಆರಿಸಿ. ಬಫರ್ 512 ಇಡಿ. ವೈಫೈ, ಬ್ಲೂಟೂತ್ ಎರಡೂ ಆಫ್ ಮಾಡಿ. ಅರ್ಧ ಗಂಟೆ ಸುಮ್ನೆ ರೆಕಾರ್ಡ್ ಹಾಕಿ, ಕಾಫಿ ಕುಡಿದು ಬಂದು ಹೆಡ್‌ಫೋನಿನಲ್ಲಿ ಕೇಳಿ. ಚಟ್ ಶಬ್ದ ನಿಂತಿದ್ದರೆ ಈ ವಾರವೇ ಅಮ್ಮನನ್ನು ಕೂರಿಸಿ ಶುರು ಮಾಡಿ. ಆಪರೇಟಿಂಗ್ ಸಿಸ್ಟಂ ವಿಷಯ ಆಮೇಲೆ ನಿಧಾನವಾಗಿ ನೋಡಿಕೊಳ್ಳಬಹುದು. ಹಾಡು ಕಾಯಬಾರದು.

ಇಂಟರ್‌ನೆಟ್‌ನಲ್ಲಿ ಎಲ್ಲರೂ ಏಸಿಯೋ4ಆಲ್ ಹಾಕಿ ಅನ್ನುತ್ತಾರೆ. ತನ್ನದೇ ಏಸಿಯೋ ಡ್ರೈವರ್ ಇಲ್ಲದ ಸಾಧನಗಳಿಗೆ ಅದು ಆಸರೆ. ನಿಮಗೆ ಬೇಡ. ಹಾಕಿದರೆ ಗೊಂದಲ ಜಾಸ್ತಿ.

ಶಬ್ದ ನಿಲ್ಲದಿದ್ದರೆ ಲೇಟೆನ್ಸಿಮಾನ್ ಎಂಬ ಸಣ್ಣ ಪ್ರೋಗ್ರಾಂ ಓಡಿಸಿ ನೋಡಿ. ಯಾವ ಡ್ರೈವರ್ ಕಂಪ್ಯೂಟರನ್ನು ಹಿಡಿದು ನಿಲ್ಲಿಸುತ್ತಿದೆ ಎಂದು ಅದು ಹೆಸರು ಹಿಡಿದು ತೋರಿಸುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಬಹಳ ಸಲ ಸಿಕ್ಕಿಬೀಳುವುದು ವೈಫೈ ಡ್ರೈವರ್. ಪವರ್ ಆಪ್ಷನ್ಸ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಆರಿಸಿ, ಅಡ್ವಾನ್ಸ್ಡ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ಆಫ್ ಮಾಡಿ. ಸ್ಕಾರ್ಲೆಟ್ಟನ್ನು ಯುಎಸ್‌ಬಿ ಹಬ್‌ಗೆ ಹಾಕದೆ ನೇರವಾಗಿ ಲ್ಯಾಪ್‌ಟಾಪಿಗೇ ಚುಚ್ಚಿ.

ಈಗ ಲೇಟೆನ್ಸಿ, ಅಂದರೆ ದನಿ ಕೇಳಿಸುವುದರಲ್ಲಿ ಆಗುವ ತಡದ ಬಗ್ಗೆ. ಯಾವ ಸಿಸ್ಟಂ ಒಳ್ಳೆಯದು ಅಂತ ವಾದ ಮಾಡುವವರು ಮೊದಲು ತೆಗೆಯುವುದು ಇದೇ ಮಾತನ್ನು. ಬಫರ್ 256 ಇಟ್ಟರೆ ಅದು ತುಂಬಲು 5.3 ಮಿಲಿಸೆಕೆಂಡ್ ಬೇಕು, 1024 ಇಟ್ಟರೆ 21.3 ಮಿಲಿಸೆಕೆಂಡ್. ಒಳಗೆ ಬರಲು ಒಂದು ಬಫರ್, ವಾಪಸ್ ಹೆಡ್‌ಫೋನಿಗೆ ಹೋಗಲು ಇನ್ನೊಂದು. ಅದರ ಮೇಲೆ ಇಂಟರ್‌ಫೇಸಿನದ್ದೂ ಸ್ವಲ್ಪ ಸೇರುತ್ತದೆ. ತನ್ನ ದನಿ ತನಗೇ ತಡವಾಗಿ ಕೇಳಿಸಿದರೆ ಹಾಡುವವರಿಗೆ ತಾಳ ತಪ್ಪುತ್ತದೆ, ನಿಜ. ಆದರೆ ನಿಮ್ಮ ಸ್ಕಾರ್ಲೆಟ್‌ನಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿ ಇದೆ ಅಲ್ವಾ? ಅದನ್ನು ಒತ್ತಿದರೆ ಮೈಕಿನ ದನಿ ಕಂಪ್ಯೂಟರಿಗೆ ಹೋಗಿಬರುವ ಗೋಜಿಲ್ಲದೆ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ಆಗ ರೀಪರ್ ಒಳಗಿನ ಟ್ರ್ಯಾಕ್ ಮಾನಿಟರಿಂಗ್ ಆಫ್ ಇರಲಿ. ಇಲ್ಲದಿದ್ದರೆ ದನಿ ಎರಡೆರಡು ಸಲ ಕೇಳುತ್ತದೆ.

ಕೀಬೋರ್ಡ್ ಚುಚ್ಚಿ ಕಂಪ್ಯೂಟರಿನೊಳಗಿನ ಪಿಯಾನೋ ನುಡಿಸುವವರಿಗೆ, ಗಿಟಾರಿಗೆ ಸಾಫ್ಟ್‌ವೇರಿನ ಆಂಪ್ ಹಾಕುವವರಿಗೆ ಸಣ್ಣ ಬಫರ್ ಬೇಕೇ ಬೇಕು. ನಿಮ್ಮದು ಬಾಯಿ, ಹಾರ್ಮೋನಿಯಂ, ತಬಲಾ. ಬಫರನ್ನು ಧಾರಾಳವಾಗಿ 512 ಅಥವಾ 1024 ಇಡಿ. ಬಫರ್ ದೊಡ್ಡದಾದಷ್ಟೂ ಚಟ್ ಶಬ್ದದ ಭಯ ಕಡಿಮೆ. ಮೂರು ಸಿಸ್ಟಂಗಳ ನಡುವಿನ ಲೇಟೆನ್ಸಿ ಜಗಳ ನಿಮ್ಮ ಮನೆಯ ಜಗಳವೇ ಅಲ್ಲ. ಅಂದ ಹಾಗೆ, ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡ. ಅದರ ತಡ ಯಾವ ಸೆಟ್ಟಿಂಗಿಗೂ ಜಗ್ಗುವುದಿಲ್ಲ. ತಂತಿ ಇರುವುದೇ ಇರಲಿ.

ಹಾಗಾದರೆ ಸಿಸ್ಟಂ ಯಾಕೆ ಬದಲಿಸಬೇಕು? ಕಾರಣ ವಿಂಡೋಸ್ 10ರ ಆಯಸ್ಸು. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಅಪ್‌ಡೇಟ್ ನಿಲ್ಲಿಸಿತು. ಮನೆ ಬಳಕೆದಾರರು ಮೈಕ್ರೋಸಾಫ್ಟ್ ಅಕೌಂಟ್ ಮೂಲಕ ಹೆಸರು ಸೇರಿಸಿಕೊಂಡರೆ 2026ರ ಅಕ್ಟೋಬರ್‌ವರೆಗೆ ಸುರಕ್ಷತೆಯ ಅಪ್‌ಡೇಟ್ ಸಿಗುವ ಏರ್ಪಾಡು ಇದೆ. ಅಪ್‌ಡೇಟ್ ನಿಂತ ತಕ್ಷಣ ರೆಕಾರ್ಡಿಂಗ್ ನಿಲ್ಲುವುದಿಲ್ಲ. ನೆಟ್ ಮುಟ್ಟಿಸದ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇನ್ನೂ ಎಷ್ಟೋ ವರ್ಷ ಹಾಡು ಹಿಡಿಯುತ್ತದೆ. ಆದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಶಾಲೆಯ ಕೆಲಸವೂ ಇದೆ. ಮೇಲ್ ನೋಡಬೇಕು, ಇಲಾಖೆಯ ಜಾಲತಾಣಕ್ಕೆ ಹೋಗಬೇಕು, ಬೇರೆಯವರ ಪೆನ್‌ಡ್ರೈವ್ ಹಾಕಬೇಕು. ಅಪ್‌ಡೇಟ್ ಇಲ್ಲದ ಸಿಸ್ಟಂನಲ್ಲಿ ಇದನ್ನೆಲ್ಲ ಮಾಡುತ್ತಾ, ಅದೇ ಡಿಸ್ಕಿನಲ್ಲಿ ಅಮ್ಮನ ಹಾಡುಗಳನ್ನೂ ಇಡುವುದು ನನಗೆ ಒಪ್ಪಿಗೆ ಇಲ್ಲ. ವೈರಸ್ ಬಂದು ಫೈಲುಗಳಿಗೆ ಬೀಗ ಬಿದ್ದರೆ ಆ ಹಾಡುಗಳನ್ನು ಮತ್ತೆ ಎಲ್ಲಿಂದ ತರುತ್ತೀರಿ?

ಅಂಗಡಿಯವರು ಹೇಳಿದ ವಿಂಡೋಸ್ 11 ವಿಷಯ. ನಿಮ್ಮ ಪ್ರೊಸೆಸರ್ ಹೆಸರು ಐ5-7200ಯು ಅಂತ ಬರೆದಿದ್ದೀರಿ. ಅದರಲ್ಲಿನ ಮೊದಲ ಅಂಕಿ 7, ಅಂದರೆ ಇಂಟೆಲ್‌ನ 7ನೇ ಜನರೇಷನ್. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತೆಯ ವ್ಯವಸ್ಥೆ ಬೇಕು, ಜೊತೆಗೆ ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರ್ ಇರಬೇಕು. ಇಂಟೆಲ್‌ನಲ್ಲಿ ಆ ಪಟ್ಟಿ ಬಹುತೇಕ 8ನೇ ಜನರೇಷನ್‌ನಿಂದ ಶುರುವಾಗುತ್ತದೆ. ನಿಮ್ಮದು ಅದರಲ್ಲಿಲ್ಲ. ಅಂಗಡಿಯವರು ಈ ತಪಾಸಣೆ ದಾಟಿಸಿ ಹಾಕಿಕೊಡಬಲ್ಲರು, ಅದು ಓಡಲೂಬಹುದು. ಆದರೆ ಹಾಗೆ ಹಾಕಿದ ಕಂಪ್ಯೂಟರಿಗೆ ಅಪ್‌ಡೇಟ್ ಬರುತ್ತದೆಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಯಾವ ಅಪ್‌ಡೇಟಿನಲ್ಲಿ ಏನು ಕೆಡುತ್ತದೋ ಎಂದು ಕಾಯುತ್ತಾ ಕೂರುವ ಕಂಪ್ಯೂಟರ್ ನಿಮ್ಮ ಕೆಲಸಕ್ಕೆ ಹೊಂದುವುದಿಲ್ಲ. 8ನೇ ಜನರೇಷನ್ ಮೇಲಿನ ಲ್ಯಾಪ್‌ಟಾಪ್ ಇರುವ ಓದುಗರಿಗೆ ನನ್ನ ಮಾತು ಬೇರೆ. ನೀವು ವಿಂಡೋಸ್ 11ಕ್ಕೆ ಧೈರ್ಯವಾಗಿ ಹೋಗಿ, ಏಸಿಯೋ ದಾರಿ ಹಿಡಿಯಿರಿ, ಮೇಲೆ ಹೇಳಿದ ಸೆಟ್ಟಿಂಗ್ ಮಾಡಿಕೊಳ್ಳಿ, ಅಷ್ಟೇ ಸಾಕು.

ಇದೇ ಸಂದರ್ಭದಲ್ಲಿ ಒಂದು ಮಾತು. ಕೆಲವು ಅಂಗಡಿಗಳಲ್ಲಿ ಸಿಸ್ಟಂ ಜೊತೆಗೆ ಕ್ಯೂಬೇಸ್ ಅಥವಾ ಎಫ್ಎಲ್ ಸ್ಟುಡಿಯೋದಂಥ ಸಂಗೀತದ ಸಾಫ್ಟ್‌ವೇರ್ ಕ್ರ್ಯಾಕ್ ಮಾಡಿ ‘ಫ್ರೀ’ ಹಾಕಿಕೊಡುತ್ತಾರೆ. ದಯವಿಟ್ಟು ಬೇಡ ಅನ್ನಿ. ಕ್ರ್ಯಾಕ್ ಫೈಲ್ ಓಡಬೇಕಾದರೆ ಆಂಟಿವೈರಸ್ ಆಫ್ ಮಾಡಿಸುತ್ತಾರೆ, ಅಲ್ಲಿಂದಲೇ ತೊಂದರೆ ಒಳಗೆ ಬರುತ್ತದೆ. ಆ ಸಾಫ್ಟ್‌ವೇರ್ ಮಾಡಿದವರ ದುಡಿಮೆಗೆ ಬೆಲೆ ಕೊಡಬೇಕು ಎಂಬುದು ಇನ್ನೊಂದು ಮಾತು, ಅದೂ ಸಣ್ಣದಲ್ಲ.

ಮ್ಯಾಕ್ ಬಗ್ಗೆ ನಿಮ್ಮ ಗೆಳತಿ ಹೇಳಿದ್ದರಲ್ಲಿ ಸತ್ಯ ಇದೆ. ಮ್ಯಾಕ್‌ನಲ್ಲಿ ಕೋರ್ ಆಡಿಯೋ ಎಂಬ ವ್ಯವಸ್ಥೆ ಸಿಸ್ಟಂ ಒಳಗೇ ಇದೆ. ಸ್ಕಾರ್ಲೆಟ್ ಚುಚ್ಚಿದರೆ ಡ್ರೈವರ್ ಕೇಳದೆ ಕೆಲಸ ಶುರು ಮಾಡುತ್ತದೆ. ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ ಸಿಗುತ್ತದೆ, ನಿಮ್ಮ ಕೆಲಸಕ್ಕೆ ಅದು ಧಾರಾಳ ಸಾಕು. 2020ರಲ್ಲಿ ಎಂ1 ಚಿಪ್ ಬಂದಾಗಿನಿಂದ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ. ಹಾಡುವ ಕೋಣೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಳ್ಳುವವರಿಗೆ ಅದು ಎಷ್ಟು ದೊಡ್ಡ ಅನುಕೂಲ ಅಂತ ರೆಕಾರ್ಡ್ ಮಾಡಿದವರಿಗೇ ಗೊತ್ತು. ಮ್ಯಾಕ್ ಮಿನಿ ಅಗ್ಗ ಅಂತ ಕೆಲವರು ಹೇಳಿಯಾರು. ಅದರ ಬೆಲೆಯ ಮೇಲೆ ಮಾನಿಟರ್, ಕೀಬೋರ್ಡ್, ಯುಪಿಎಸ್ ಎಲ್ಲಾ ಸೇರಿಸಿ ನೋಡಿ. ಜುಲೈ ತಿಂಗಳಲ್ಲಿ ನಿಮ್ಮ ಕಡೆ ಕರೆಂಟು ಹೋಗುವ ರೀತಿ ನೆನಪಿದ್ದರೆ, ಬ್ಯಾಟರಿ ಇರುವ ಲ್ಯಾಪ್‌ಟಾಪೇ ಮಲೆನಾಡಿಗೆ ಸರಿ.

ಒಂದು ಎಚ್ಚರಿಕೆ: ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಹಳೇ ಇಂಟೆಲ್ ಮ್ಯಾಕ್‌ಬುಕ್ ಸೆಕೆಂಡ್‌ಹ್ಯಾಂಡ್ ಕೊಳ್ಳಬೇಡಿ. ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್‌ಓಎಸ್ 26, ಅಂದರೆ ಟಾಹೋ, ಕೊನೆಯ ಆವೃತ್ತಿ ಎಂದು ಆಪಲ್ 2025ರಲ್ಲೇ ಹೇಳಿದೆ. ವಿಂಡೋಸ್ 10ರಿಂದ ತಪ್ಪಿಸಿಕೊಳ್ಳಲು ಹೋಗಿ ಅಂಥದ್ದೇ ಇನ್ನೊಂದು ಇಕ್ಕಟ್ಟಿಗೆ ಸಿಕ್ಕಿದಂತಾಗುತ್ತದೆ.

ಈಗ ನಿಮ್ಮ ಅಣ್ಣನ ಮಗನ ಮಾತಿಗೆ ಬರೋಣ.

ಲಿನಕ್ಸ್‌ನಲ್ಲಿ ಧ್ವನಿಯ ಕೆಲಸ ಎಂದರೆ ಮೊದಲೆಲ್ಲ ತಲೆನೋವೇ. ಧ್ವನಿ ಸಾಗಿಸುವ ವ್ಯವಸ್ಥೆಗಳೇ ಎರಡು, ಜಾಕ್ ಬೇರೆ, ಪಲ್ಸ್‌ಆಡಿಯೋ ಬೇರೆ, ಎರಡಕ್ಕೂ ಹೊಂದಿಕೆ ಇಲ್ಲ, ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆಯಬೇಕಿತ್ತು. ಆ ಕಾಲದ ಕಥೆ ಕೇಳಿದವರು ಇವತ್ತಿಗೂ ಹೆದರಿಸುತ್ತಾರೆ. ಈಗ ಪೈಪ್‌ವೈರ್ ಎಂಬ ಒಂದೇ ವ್ಯವಸ್ಥೆ ಎರಡರ ಕೆಲಸವನ್ನೂ ಮಾಡುತ್ತದೆ. ಈಗಿನ ಉಬುಂಟು ಸ್ಟುಡಿಯೋ ಅದನ್ನು ಮೊದಲೇ ಹಾಕಿಕೊಂಡು ಬರುತ್ತದೆ. ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವ ರಿಯಲ್‌ಟೈಮ್ ಗುಣ ಸುಮಾರು 20 ವರ್ಷ ಲಿನಕ್ಸ್‌ನ ಹೊರಗೇ ತೇಪೆಯಾಗಿ ಬೆಳೆಯುತ್ತಿತ್ತು. 2024ರ ನವೆಂಬರಿನಲ್ಲಿ ಬಂದ 6.12 ಕರ್ನೆಲ್‌ನಿಂದ (ಕರ್ನೆಲ್ ಅಂದರೆ ಸಿಸ್ಟಂನ ತಿರುಳು) ಅದು ಲಿನಕ್ಸ್‌ನ ಒಳಗೇ ಸೇರಿದೆ. ನಿಮ್ಮ ದೊಡ್ಡ ಬಫರಿಗೆ ಅಷ್ಟೂ ಬೇಕಿಲ್ಲ. ಆದರೆ ಎಷ್ಟು ಜನ ಎಷ್ಟು ವರ್ಷ ಈ ಕೆಲಸಕ್ಕೆ ಬೆವರು ಹರಿಸಿದ್ದಾರೆ ಎಂಬುದು ಇದರಿಂದ ತಿಳಿಯುತ್ತದೆ.

ನಾನು ಉಬುಂಟು ಸ್ಟುಡಿಯೋವನ್ನೇ ಹೇಳುವುದಕ್ಕೆ ಕಾರಣ ಇದೆ. 2007ರಿಂದ ಬರುತ್ತಿದೆ. ಧ್ವನಿಯ ಕೆಲಸಕ್ಕೆ ಬೇಕಾದ ಅನುಮತಿ, ಸೆಟ್ಟಿಂಗು, ಸಾಫ್ಟ್‌ವೇರು ಎಲ್ಲವನ್ನೂ ಅವರೇ ಹೊಂದಿಸಿ ಕೊಡುತ್ತಾರೆ. ಆರ್ಡರ್ ಎಂಬ ಪೂರ್ಣ ಪ್ರಮಾಣದ ರೆಕಾರ್ಡಿಂಗ್ ಸಾಫ್ಟ್‌ವೇರ್ ಜೊತೆಗೇ ಬರುತ್ತದೆ. ಬಫರ್ ಬದಲಿಸಲು ಮೆನುವಿನಲ್ಲೇ ಒಂದು ಕಿಟಕಿ ಇದೆ, ಕಮಾಂಡ್ ಬೇಡ. ಎಲ್‌ಟಿಎಸ್ ಎಂದು ಬರೆದಿರುವ ಆವೃತ್ತಿಯನ್ನೇ ಇಳಿಸಿಕೊಳ್ಳಿ. ಅದು ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, ಮೂರು ವರ್ಷ ಅಪ್‌ಡೇಟ್ ಸಿಗುತ್ತದೆ. ಸ್ಕಾರ್ಲೆಟ್‌ಗೆ ಲಿನಕ್ಸ್‌ನಲ್ಲಿ ಡ್ರೈವರ್ ಹಾಕಬೇಕಿಲ್ಲ, ಕರ್ನೆಲ್ ಅದನ್ನು ತಾನೇ ಗುರುತಿಸುತ್ತದೆ. ಗೇನ್ (ಮೈಕಿನ ದನಿ ಏರಿಸಿ ಇಳಿಸುವುದು), ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್, ಡೈರೆಕ್ಟ್ ಮಾನಿಟರ್ ಎಲ್ಲಾ ಡಬ್ಬಿಯ ಮೇಲಿನ ಗುಂಡಿಯಲ್ಲೇ ಇದ್ದರೆ ಕೆಲಸ ಇನ್ನೂ ಸಲೀಸು. ಅದರ ಫರ್ಮ್‌ವೇರ್ ಅಪ್‌ಡೇಟ್ ಬಾಕಿ ಇದ್ದರೆ ಮಾತ್ರ ಈಗ ವಿಂಡೋಸ್ ಇರುವಾಗಲೇ ಮುಗಿಸಿಬಿಡಿ.

ಮತ್ತೆ ರೀಪರ್. ಅದು ಮೂರು ಸಿಸ್ಟಂಗಳಲ್ಲೂ ಓಡುತ್ತದೆ. ಇವತ್ತು ವಿಂಡೋಸ್‌ನಲ್ಲಿ ಕಲಿತದ್ದು ನಾಳೆ ಲಿನಕ್ಸ್‌ನಲ್ಲಿ, ಮುಂದೊಂದು ದಿನ ಮ್ಯಾಕ್‌ನಲ್ಲಿ ಹಾಗೇ ಕೆಲಸಕ್ಕೆ ಬರುತ್ತದೆ. ಪ್ರಾಜೆಕ್ಟ್ ಫೈಲೂ ತೆರೆಯುತ್ತದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ: ಮೊದಲು ಸಾಫ್ಟ್‌ವೇರ್ ಆರಿಸಿ, ಸಿಸ್ಟಂ ಆಮೇಲೆ. ಒಂದೇ ಸಿಸ್ಟಂಗೆ ಕಟ್ಟಿಹಾಕುವ ಸಾಫ್ಟ್‌ವೇರ್ ಕಲಿತರೆ ಮುಂದಿನ ಕಂಪ್ಯೂಟರನ್ನೂ ಅದೇ ತೀರ್ಮಾನ ಮಾಡುತ್ತದೆ.

ಲಿನಕ್ಸ್ ಯಾರಿಗೆ ಬೇಡ ಅಂತಲೂ ಹೇಳಬೇಕು. ಕ್ಯೂಬೇಸ್, ಪ್ರೋ ಟೂಲ್ಸ್, ಲಾಜಿಕ್, ಎಫ್ಎಲ್ ಸ್ಟುಡಿಯೋ ಯಾವುದಕ್ಕೂ ಲಿನಕ್ಸ್ ಆವೃತ್ತಿ ಇಲ್ಲ. ನಿಮ್ಮ ಸ್ಕಾರ್ಲೆಟ್ ಜೊತೆ ಬಂದ ಏಬಲ್ಟನ್ ಲೈವ್ ಲೈಟ್ ಕೂಡ ಅಲ್ಲಿ ಓಡುವುದಿಲ್ಲ. ದುಡ್ಡು ಕೊಟ್ಟು ತಂದ ದೊಡ್ಡ ವಾದ್ಯ ಲೈಬ್ರರಿಗಳು, ಐಲಾಕ್ ಎಂಬ ಲೈಸೆನ್ಸ್ ಬೀಗದ ಪ್ಲಗಿನ್‌ಗಳು (ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಪ್ರೋಗ್ರಾಂಗಳು) ಬೇಕಾದವರು ವಿಂಡೋಸ್ ಅಥವಾ ಮ್ಯಾಕ್‌ನಲ್ಲೇ ಇರಲಿ. ಯಾಬ್ರಿಜ್ ಎಂಬ ಸೇತುವೆ ಮೂಲಕ ಕೆಲವು ವಿಂಡೋಸ್ ಪ್ಲಗಿನ್‌ಗಳನ್ನು ಓಡಿಸಬಹುದು, ಆದರೆ ಅದು ತಾಳ್ಮೆಯ ಕೆಲಸ. ನಿಮಗೆ ಬೇಕಿರುವುದು ಸ್ವಲ್ಪ ಈಕ್ವಲೈಜರ್, ಸ್ವಲ್ಪ ಕಂಪ್ರೆಸರ್, ಒಂಚೂರು ರಿವರ್ಬ್. ಅವೆಲ್ಲ ರೀಪರ್ ಜೊತೆಗೂ ಉಬುಂಟು ಸ್ಟುಡಿಯೋ ಜೊತೆಗೂ ಪುಕ್ಕಟೆ ಬರುತ್ತವೆ. ಶ್ರುತಿಗೆ ಫೋನಿನ ತಂಬೂರಿ ಆ್ಯಪ್ ಸಾಕು, ಅದನ್ನು ಹೆಡ್‌ಫೋನಿನಲ್ಲೇ ಕೇಳಿಸಿಕೊಳ್ಳಿ. ಮುಂದೆ ಹಾಸನದಲ್ಲೋ ಬೆಂಗಳೂರಿನಲ್ಲೋ ಸ್ಟುಡಿಯೋದವರ ಹತ್ತಿರ ಮಿಕ್ಸ್ ಮಾಡಿಸಬೇಕು ಅನಿಸಿದರೆ, ಎಲ್ಲಾ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದ ಶುರುವಾಗುವ ವೇವ್ ಫೈಲ್ ಮಾಡಿ ಕೊಡಿ. ಅವರ ಕಂಪ್ಯೂಟರ್ ಯಾವುದಾದರೂ ಆಗುತ್ತದೆ.

ನುಡಿ ವಿಷಯ ಕೇಳಿದ್ದೀರಿ. ಲಿನಕ್ಸ್‌ನಲ್ಲಿ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಗೆ ಎಂ17ಎನ್ ಎಂಬ ಕೀಲಿಮಣೆಗಳ ಕಟ್ಟನ್ನು ಸೇರಿಸಿಕೊಂಡರೆ ನಿಮಗೆ ಕೈಗೆ ಬಂದಿರುವ ಅದೇ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತದೆ. ಯೂನಿಕೋಡ್‌ನಲ್ಲಿ ಬರೆದದ್ದೆಲ್ಲ ಲಿಬ್ರೆ ಆಫೀಸ್‌ನಲ್ಲಿ ಓದಲು ಬರುತ್ತದೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಗಳಿದ್ದರೆ ಅವು ಅಕ್ಷರ ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಅವಕ್ಕೆ ಆ ಹಳೇ ವಿಂಡೋಸ್ ಡಿಸ್ಕೇ ಬೇಕು. ಅದನ್ನು ಅಳಿಸಬೇಡಿ ಅಂದದ್ದು ಇದಕ್ಕೂ ಸೇರಿ.

ನನ್ನ ಮಾತು ನಂಬಿ ಏನನ್ನೂ ಹಾಕಬೇಡಿ, ಮೊದಲು ಪರೀಕ್ಷೆ ಮಾಡಿ. 16 ಜಿಬಿ ಪೆನ್‌ಡ್ರೈವ್ ಒಂದು ತಗೊಳ್ಳಿ. ಉಬುಂಟು ಸ್ಟುಡಿಯೋ ಫೈಲ್ ಹಲವು ಜಿಬಿ ಇರುತ್ತದೆ, ಹಳ್ಳಿಯ ನೆಟ್‌ವರ್ಕಿನಲ್ಲಿ ಕಷ್ಟ, ಅಣ್ಣನ ಮಗನಿಗೇ ಇಳಿಸಿಕೊಡಲು ಹೇಳಿ. ರೂಫಸ್ ಎಂಬ ಪ್ರೋಗ್ರಾಂನಿಂದ ಪೆನ್‌ಡ್ರೈವ್‌ಗೆ ಬರೆಯಬೇಕು, ಸುಮ್ನೆ ಕಾಪಿ ಮಾಡಿದರೆ ಆಗುವುದಿಲ್ಲ. ಲ್ಯಾಪ್‌ಟಾಪ್ ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿ ಪೆನ್‌ಡ್ರೈವ್ ಆರಿಸಿ. ಕಂಪನಿ ಮೇಲೆ ಅದು ಎಫ್12, ಎಫ್9 ಅಥವಾ ಎಸ್ಕೇಪ್ ಇರುತ್ತದೆ. ಇನ್‌ಸ್ಟಾಲ್ ಒತ್ತಬೇಡಿ, ‘ಟ್ರೈ’ ಅಂತ ಇರುವುದನ್ನು ಒತ್ತಿ. ನಿಮ್ಮ ಡಿಸ್ಕನ್ನು ಮುಟ್ಟದೆ ಪೂರ್ತಿ ಸಿಸ್ಟಂ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ನಿಧಾನ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸ್ಕಾರ್ಲೆಟ್ ಚುಚ್ಚಿ ಆರ್ಡರ್ ತೆರೆಯಿರಿ. ಬಫರ್ 512, ಎರಡು ಟ್ರ್ಯಾಕ್. ಒಂದರಲ್ಲಿ ನೀವು ಹಾಡಿ, ಇನ್ನೊಂದರಲ್ಲಿ ಹಾರ್ಮೋನಿಯಂ. ಎರಡನೇ ಮೈಕು ಇಲ್ಲದಿದ್ದರೆ ಒಂದೇ ಸಾಕು. ಅರ್ಧ ಗಂಟೆ ರೆಕಾರ್ಡ್ ಮಾಡಿ. ಪರದೆಯ ಅಂಚಿನಲ್ಲಿ ಎಕ್ಸ್‌ರನ್ ಎಂಬ ಎಣಿಕೆ ಕಾಣುತ್ತದೆ. ಮೇಲೆ ಹೇಳಿದೆನಲ್ಲ, ನೀರು ಚೆಲ್ಲಿದ್ದು, ಅದನ್ನೇ ಅದು ಎಣಿಸುವುದು. ಅರ್ಧ ಗಂಟೆಯ ನಂತರವೂ ಅದು ಸೊನ್ನೆಯಲ್ಲೇ ಇದ್ದರೆ ಲಿನಕ್ಸ್ ನಿಮ್ಮ ಲ್ಯಾಪ್‌ಟಾಪಿಗೆ ಒಗ್ಗಿದೆ ಎಂದರ್ಥ. ಏರುತ್ತಾ ಹೋದರೆ ವೈಫೈ ಆಫ್ ಮಾಡಿ, ಬಫರ್ 1024 ಮಾಡಿ ಇನ್ನೊಮ್ಮೆ ನೋಡಿ. ಆಗಲೂ ಏರಿದರೆ ಈ ಲ್ಯಾಪ್‌ಟಾಪಿಗೆ ಲಿನಕ್ಸ್ ಬೇಡ. ವಿಂಡೋಸ್ 10ನ್ನೇ ನೆಟ್ ತಪ್ಪಿಸಿ ರೆಕಾರ್ಡಿಂಗಿಗೆ ಮಾತ್ರ ಇಟ್ಟುಕೊಳ್ಳಿ, ಶಾಲೆ ಕೆಲಸ ಬೇರೆ ಕಡೆ ಮಾಡಿ.

ಪರೀಕ್ಷೆ ಪಾಸಾದರೆ ಅಂಗಡಿಗೆ ಹೋಗಿ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ, 240 ಅಥವಾ 256 ಜಿಬಿ ಸಾಕು. ಎರಡು ಟ್ರ್ಯಾಕ್ ರೆಕಾರ್ಡ್ ಮಾಡುವ ವೇಗಕ್ಕೆ ಹಳೇ ಹಾರ್ಡ್ ಡಿಸ್ಕೂ ಸಾಲುತ್ತದೆ. ಎಸ್‌ಎಸ್‌ಡಿ ಬೇಕು ಅನ್ನುವುದು ಮುಖ್ಯವಾಗಿ ಅದು ಮೌನವಾಗಿರುತ್ತದೆ ಅಂತ. ಹಾರ್ಡ್ ಡಿಸ್ಕ್ ತಿರುಗುವ ಸದ್ದನ್ನು ಕಂಡೆನ್ಸರ್ ಮೈಕು ಚೆನ್ನಾಗಿಯೇ ಹಿಡಿಯುತ್ತದೆ. ಅಂಗಡಿಯವರಿಗೆ ಹೀಗೆ ಹೇಳಿ: ಹಳೇ ಡಿಸ್ಕ್ ಬಿಚ್ಚಿ ಪಕ್ಕಕ್ಕಿಡಿ, ಅದರ ಜಾಗದಲ್ಲಿ ಎಸ್‌ಎಸ್‌ಡಿ ಹಾಕಿ, ಎಸ್‌ಎಸ್‌ಡಿ ಒಂದೇ ಇರುವಾಗ ಲಿನಕ್ಸ್ ಹಾಕಿ. ಹಾಗೆ ಮಾಡಿದರೆ ತಪ್ಪಿ ಕೂಡ ಹಳೇ ಡಿಸ್ಕ್ ಅಳಿಯುವ ಭಯ ಇಲ್ಲ. ಅದಾದ ಮೇಲೆ ಡಿವಿಡಿ ಡ್ರೈವ್ ತೆಗೆಸಿ, ಆ ಜಾಗದಲ್ಲಿ ಕ್ಯಾಡಿ ಎಂಬ ಚೌಕಟ್ಟು ಹಾಕಿಸಿ ಹಳೇ ಡಿಸ್ಕನ್ನು ಕೂರಿಸಿ. ಕ್ಯಾಡಿ 9.5 ಎಂಎಂ, 12.7 ಎಂಎಂ ಎಂದು ಎರಡು ದಪ್ಪದಲ್ಲಿ ಬರುತ್ತದೆ, ಅಳತೆ ನೋಡಿಯೇ ತರಿಸಲಿ. ಇನ್ನು ಬೂಟ್ ಮೆನುವಿನಲ್ಲಿ ಬೇಕಾದ ಡಿಸ್ಕ್ ಆರಿಸಿಕೊಂಡರಾಯಿತು. ಒಂದು ಸಿಸ್ಟಂ ಕೆಟ್ಟರೆ ಇನ್ನೊಂದಕ್ಕೆ ಏನೂ ಆಗುವುದಿಲ್ಲ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಸಿ. ಇಲ್ಲದಿದ್ದರೆ ಲಿನಕ್ಸ್‌ನಿಂದ ಆ ಡಿಸ್ಕಿಗೆ ಬರೆಯಲು ತೊಂದರೆ. ಹಳೇ ಡಿಸ್ಕಿನ ಸದ್ದು ಮೈಕಿಗೆ ಬರುತ್ತಿದೆ ಅನಿಸಿದರೆ ಕ್ಯಾಡಿ ಬಿಟ್ಟು ಯುಎಸ್‌ಬಿ ಕೇಸಿನಲ್ಲಿ ಹಾಕಿಸಿಕೊಳ್ಳಿ. ಫೈಲ್ ಓದಲು ಅದೇ ಸಾಕು, ವಿಂಡೋಸ್ ಓಡಿಸಬೇಕಾದಾಗ ಮಾತ್ರ ಡಿಸ್ಕ್ ಒಳಗೆ ಹಾಕಬೇಕಾಗುತ್ತದೆ.

ಎಲ್ಲಾ ಸರಿಯಾಗಿ ಓಡತೊಡಗಿದ ಮೇಲೆ ಸಿಸ್ಟಂಗೆ ಕೈಹಾಕಬೇಡಿ. ಅಪ್‌ಡೇಟ್ ಬೇಡ ಅಂತಲ್ಲ. ಅಮ್ಮನನ್ನು ಕೂರಿಸುವ ಹಿಂದಿನ ದಿನ ಬೇಡ. ಒಂದು ಸುತ್ತು ರೆಕಾರ್ಡಿಂಗ್ ಮುಗಿದ ಮೇಲೆ ಅಪ್‌ಡೇಟ್ ಮಾಡಿ, ಮತ್ತೆ ಅರ್ಧ ಗಂಟೆ ಪರೀಕ್ಷೆ ಮಾಡಿ. ಈ ಮಾತು ವಿಂಡೋಸ್‌ನವರಿಗೂ ಮ್ಯಾಕ್‌ನವರಿಗೂ ಸೇರಿಯೇ ಹೇಳುತ್ತಿದ್ದೇನೆ. ಮ್ಯಾಕ್‌ನಲ್ಲಿ ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬಂದಾಗ ನಿಮ್ಮ ಪ್ಲಗಿನ್‌ನವರು ಸರಿ ಅನ್ನುವವರೆಗೆ ಕಾಯಬೇಕು.

ರೆಕಾರ್ಡ್ ಮಾಡುವ ದಿನ ಲ್ಯಾಪ್‌ಟಾಪನ್ನು ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ಕಿತ್ತುಬಿಡಿ. ಅರ್ಥಿಂಗ್ ಸರಿ ಇಲ್ಲದ ಮನೆಗಳಲ್ಲಿ ಚಾರ್ಜರಿನಿಂದ ‘ಗುಂಯ್’ ಅನ್ನುವ ಸದ್ದು ಮೈಕಿನ ಜೊತೆ ಸೇರಿಕೊಳ್ಳುತ್ತದೆ. ಎಷ್ಟೋ ಜನ ಇದಕ್ಕೂ ಸಿಸ್ಟಂ ಬದಲಿಸುತ್ತಾರೆ. ಬ್ಯಾಟರಿ ಮೇಲೆ ಓಡಿಸಿದರೆ ಸದ್ದೂ ಇಲ್ಲ, ಕರೆಂಟು ಹೋದರೆ ಹಾಡು ನಿಲ್ಲುವುದೂ ಇಲ್ಲ. 2017ರ ಬ್ಯಾಟರಿ ಸೋತಿದ್ದರೆ ಎಸ್‌ಎಸ್‌ಡಿ ಜೊತೆ ಅದನ್ನೂ ಬದಲಿಸಿಕೊಳ್ಳಿ. ಅದಕ್ಕೆ ಹಾಕಿದ ದುಡ್ಡು ದಂಡವಾಗುವುದಿಲ್ಲ. ಹೆಂಚಿನ ಮೇಲೆ ಬೀಳುವ ಮಳೆಗೆ, ಸಂಜೆಯ ಜೀರುಂಡೆಗೆ, ಕಾಫಿ ಕೊಯ್ಲಿನ ಹೊತ್ತಿನ ಪಲ್ಪರ್ ಸದ್ದಿಗೆ ಯಾವ ಸಿಸ್ಟಂನಲ್ಲೂ ಔಷಧಿ ಇಲ್ಲ. ಹೊತ್ತು ನೋಡಿಕೊಂಡು ಕೂರಬೇಕು.

24 ಬಿಟ್, 48 ಕಿಲೋಹರ್ಟ್ಸ್ ಇಡಿ. ಅಮ್ಮ ಜೋರಾಗಿ ಹೇಳುವ ಕಡೆಯಲ್ಲೂ ಮೀಟರ್ ಮೈನಸ್ 12 ಡೆಸಿಬಲ್‌ನ ಆಸುಪಾಸಿನಲ್ಲೇ ಇರುವಂತೆ ಗೇನ್ ಹಿಡಿಯಿರಿ. 24 ಬಿಟ್‌ನಲ್ಲಿ ದನಿ ಸ್ವಲ್ಪ ಸಣ್ಣಗಿದ್ದರೂ ಆಮೇಲೆ ಎತ್ತಬಹುದು, ಒಡೆದ ದನಿಯನ್ನು ಕೂಡಿಸಲು ಬರುವುದಿಲ್ಲ. ಒಂದು ಮೈಕಿನ ಒಂದು ಗಂಟೆ ಸುಮಾರು 520 ಎಂಬಿ ಆಗುತ್ತದೆ, ಎರಡು ಮೈಕಿಗೆ 1 ಜಿಬಿ ಚಿಲ್ಲರೆ. ಅಮ್ಮ ನಡುವೆ ನಿಲ್ಲಿಸಿ ‘ಇದು ಧಾರೆ ಹೊತ್ತಿಗೆ ಹೇಳೋದು’ ಅಂತ ವಿವರಿಸಿದರೆ ಅದನ್ನೂ ಬಿಡದೆ ಹಿಡಿಯಿರಿ, ಜಾಗ ಧಾರಾಳ ಇದೆ. ಎಂಪಿ3 ಮಾಡಿ ಮೂಲ ಅಳಿಸಬೇಡಿ. ಜಾಗ ಉಳಿಸಬೇಕಿದ್ದರೆ ಫ್ಲ್ಯಾಕ್ ಮಾಡಿ, ಅದರಲ್ಲಿ ಒಂದು ಸ್ಯಾಂಪಲ್ ಕೂಡ ಕಳೆದುಹೋಗುವುದಿಲ್ಲ.

ರೆಕಾರ್ಡ್ ಮಾಡಿದ ದಿನವೇ, ಮಲಗುವ ಮುಂಚೆ, ಎರಡು ಬೇರೆ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಹೊರಗಿನ ಡಿಸ್ಕನ್ನು ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಅದನ್ನು ಓದಿ ಬರೆಯುತ್ತವೆ. ಒಂದು ಡಿಸ್ಕ್ ನಿಮ್ಮ ಮನೆಯಲ್ಲಿರಲಿ, ಇನ್ನೊಂದನ್ನು ಬೆಂಗಳೂರಿನ ಅಣ್ಣನ ಮನೆಯಲ್ಲಿಡಿ. ಫೈಲಿನ ಹೆಸರಿನಲ್ಲಿ ತಾರೀಖು, ಪದದ ಮೊದಲ ಸಾಲು, ಹೇಳಿದವರ ಹೆಸರು ಮೂರೂ ಇರಲಿ.